ಗಿರಣಿ ಬಾಗಿಲಿನ ಬ್ಯಾಂಕು

"ನಿಮ್ಮ ಖಾತೆಯಲ್ಲಿರುವ ಮೊತ್ತ ಎರಡು ಸಾವಿರದ ನಾಲ್ಕುನೂರು ರೂಪಾಯಿ!" ನಾಗಿಯ ಹೆಬ್ಬೆಟ್ಟು ತಾಗಿದ್ದೇ ತಡ, ಬ್ಯಾಂಕಿನ ಕೈಯಗಲದ ಮಿಷನ್ನು ವಾರ್ತೆ ಓದುವವರ ಗತ್ತಿನಲ್ಲಿ ಕೂಗಿಕೊಂಡಿತು. ನಿಲ್ಕುಂದದ ಶಾಲೆ ಜಗಲಿಯಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಪಕ್ಕದ ಕಟ್ಟೆಯಲ್ಲಿ ಇಸ್ಪೀಟು ಆಡುತ್ತಿದ್ದ ಅವಳ ಗಂಡ ಮಂಜನೂ ಕೇಳಿಸಿಕೊಂಡ.

ಮಗಳು ಅನುಶ್ರೀಯನ್ನು ಬರುವ ಜೂನಿಗೆ ಸಿದ್ದಾಪುರದ ಕಾಲೇಜಿಗೆ ಸೇರಿಸಲೆಂದು ನಾಗಿ ಮಳೆಗಾಲವಿಡೀ ಕಂಡವರ ಗದ್ದೆಯಲ್ಲಿ ನಟ್ಟಿ ಮಾಡಿ ಗುಟ್ಟಾಗಿ ಕೂಡಿಟ್ಟ ದುಡ್ಡು ಅದು. ಅಕ್ಕಿ ಡಬ್ಬಿಯಲ್ಲಿಟ್ಟರೆ ಮಂಜನ ಮೂಗಿಗೆ ವಾಸನೆ ಬಡಿಯುತ್ತದೆಂದೇ ಬ್ಯಾಂಕಿಗೆ ಹಾಕಿದ್ದಳು. ಬಡವರ ಬಾಗಿಲಿಗೇ ಬ್ಯಾಂಕು ಬಂತೆಂದು ಭಾಷಣ ಬಿಗಿದು ಹೋದ ಬ್ಯಾಂಕಿನ ಸಾಹೇಬರಿಗೆ, ಆ ಬಾಗಿಲಲ್ಲಿ ಗಂಡನೂ ಕೂತಿರುತ್ತಾನೆಂಬುದು ಹೊಳೆದಿರಲಿಲ್ಲ.

ಮಂಜ ಕಾಡಿ, ಬೇಡಿ, ಹೆದರಿಸಿ, ಅವಳ ಹೆಬ್ಬೆಟ್ಟಿನಿಂದಲೇ ಅಷ್ಟನ್ನೂ ತೆಗೆಸಿ ಕೋಳಿ ಅಂಕಕ್ಕೊಂದು ಹುಂಜ ತಂದ. ಹುಂಜ ಮೊದಲ ಏಟಿಗೇ ಮಲಗಿತು. ಸೋತ ಕೋಳಿ ಗೆದ್ದವನಿಗೆಂಬುದು ಪದ್ಧತಿ. ಮನೆಗೆ ಸಾರೂ ದಕ್ಕಲಿಲ್ಲ. ನಾಗಿ ಒಲೆ ಮುಂದೆ ಕೂತು ಅತ್ತಳು.

ಮರುವಾರ, ಬ್ಯಾಂಕಿನ ಪರವಾಗಿ ಮಿಷನ್ನು ಹೊತ್ತು ಬರುವ ಉದಯನನ್ನು ಹಿಡಿದಳು.

"ತಮಾ, ಇದರ ಬಾಯಿ ಮುಚ್ಚೂಕೆ ಆಗೂದಿಲ್ಲನ?"

"ಓದೂಕೆ ಬಾರದವರಿಗೆ ಕೇಳ್ಲಿ ಅಂತ್ಲೇ ಕೂಗೂದು ನಾಗಕ್ಕಾ. ಸಣ್ಣ ಮಾಡೂ ಗುಂಡಿ ಇಟ್ಟಿಲ್ಲ."

"ಹಂಗಾರೆ ಇಲ್ಲಿ ಕೂರಬೇಡ. ಗೋವಿಂದನ ಅಕ್ಕಿ ಗಿರಣಿ ಬಾಗಿಲಲ್ಲಿ ಕೂರು. ಗಿರಣಿ ಓಡೂವಾಗ್ಲೇ ನಾವು ಹೆಬ್ಬೆಟ್ಟು ಒತ್ತೂದು."

ಆ ಗಿರಣಿ ಗಡಗಡ ಶುರುವಾದರೆ ಯಮ ಕರೆದರೂ ಕೇಳದು. ಊರ ಹೆಂಗಸರೆಲ್ಲ ಭತ್ತದ ಚೀಲದ ನೆಪದಲ್ಲಿ ಬಂದರು. ಮಿಷನ್ನಿಗೆ ಕಿವಿ ಹಚ್ಚಿ ಕೇಳಿ, ಮುಖ ಗಂಟು ಹಾಕಿಕೊಂಡು ಹೊರಬರುವುದನ್ನು ಕಲಿತರು.

ಅಡಿಕೆ ಸುಲಿದ ಕೂಲಿಯೆಲ್ಲ ಸೇರಿ ಮೇ ತಿಂಗಳಿಗೆ ಕಾಲೇಜಿನ ದುಡ್ಡು ಮತ್ತೆ ತುಂಬಿತು. ನಾಗಿ ನಂಬಿಕೆ ಬಾರದೆ ಇನ್ನೊಮ್ಮೆ ಒತ್ತಿ ಕೇಳಿದಳು. ಆಮೇಲೆ ಮುಖ ಗಂಟು ಹಾಕಿಕೊಂಡು ಹೊರಬಂದರೆ, ಎದುರಿಗೇ ಮಂಜ.

"ಎಂತ ಹೇಳ್ತು ಅದು?"

"ಎಂತ ಹೇಳ್ತದೆ? ದುಡ್ಡಿಲ್ಲ ಅಂತು."

"ಇಲ್ಲ ಅನ್ನೂಕೆ ಅಷ್ಟೊತ್ತು ಬೇಕನ?"

"ಬ್ಯಾಂಕಿನವರ ಮಿಷನ್ನಲ್ದಾ? ಇಲ್ಲ ಅನ್ನೂದನ್ನ ಒಂದೇ ಮಾತಲ್ಲಿ ಹೇಳಿ ಗೊತ್ತಿಲ್ಲ ಅದಕ್ಕೆ."

ಸಾಲಕ್ಕೆಂದು ಬ್ಯಾಂಕಿಗೆ ಅಲೆದಲೆದು ಚಪ್ಪಲಿ ಸವೆಸಿದ್ದ ಮಂಜ, ಅದೂ ಹೌದೆಂದು ತಲೆಯಾಡಿಸಿದ.