ಹೆಸರನ್ನು ಗಟ್ಟಿಯಾಗಿ ಹೇಳಿ

ಇನ್ನೊಬ್ಬರ ಮನೆಯ ಒಳಗಿನ ಮಾತನ್ನು ಬೀದಿಗೆ ತರಲು ನನಗೇನು ಅಧಿಕಾರ ಎಂದು ನೀವು ಕೇಳಬಹುದು. ಹೇಳಿದ್ದು ತಪ್ಪಾದರೆ ಕ್ಷಮಿಸಬೇಕು.

ಬಟ್ಟೆ ಗಂಟಿನ ಮರೆಯಲ್ಲಿ ಕೂತು ಇಸ್ತ್ರಿಯವನ ಹೆಂಡತಿ ಫೋನು ಒತ್ತಿದ್ದೇ ತಡ, ಅದು ಇಡೀ ಇಸ್ತ್ರಿ ಅಂಗಡಿಗೆ ಕೇಳುವಂತೆ ಸಾರಿತು: "ನಿಮ್ಮ ಮಗಳಿಗೆ ಹಣ ತಲುಪಿದೆ." ಜೊತೆಗೆ ಮಗಳ ಹೆಸರನ್ನೂ ಹೇಳಿತು. ಗಂಡನ ಹೊಡೆತ ತಾಳಲಾರದೆ ಎಳೆಗೂಸನ್ನು ಎತ್ತಿಕೊಂಡು ಹೊರಬಿದ್ದ ಮಗಳು ಅವಳು. ಮಾನ ಕಳೆದವಳ ಹೆಸರನ್ನು ಯಾರೂ ಎತ್ತಕೂಡದು, ತಾನೂ ಎತ್ತುವುದಿಲ್ಲ ಎಂದು ಅಪ್ಪ ಆಣೆ ಹಾಕಿದ ಮೇಲೆ ಅದು ಅಲ್ಲಿ ಕೇಳಿಸಿದ್ದು ಇದೇ ಮೊದಲು.

ನೋಟುಗಳಿದ್ದಾಗ ಇಷ್ಟು ಕಷ್ಟವಿರಲಿಲ್ಲ. ನಾಲ್ಕು ಮಡಿಕೆ ಮಾಡಿ ಹಾಲಿನವಳ ಕೈಗಿತ್ತರೆ ಮೊಮ್ಮಗುವಿನ ಹಾಲಿಗೆ ಸೇರುತ್ತಿತ್ತು. ಈಗ ನೋಟು ಹೋಗಿ ದೇಶದ ಕೇಂದ್ರ ಬ್ಯಾಂಕಿನದೇ ವಾಲೆಟ್ ಫೋನಿನೊಳಗೆ ಬಂದಿದೆ, ಗಂಡಹೆಂಡಿರಿಗೆ ಸೇರಿ ಒಂದೇ. ಮನೆಯವರ ಮುಖಗಳನ್ನು ಅದೇ ಸಾಲಾಗಿ ತೋರಿಸುತ್ತದೆ. ಮಗಳ ಮುಖ ಕಂಡಿತು, ಒತ್ತಿದಳು. ಓದಲು ಬಾರದ ಹೆಂಡತಿಗೆ ಅನುಕೂಲವಾಗಲೆಂದು ಅದಕ್ಕೆ ಮಾತು ಬರಿಸಿಕೊಟ್ಟವನು ಗಂಡನೇ. ಅದರ ಬಾಯಿ ಮುಚ್ಚಿಸುವುದು ಹೇಗೆಂದು ಅವಳು ಯಾರನ್ನು ಕೇಳಬೇಕಿತ್ತು?

ಕೋಟು ಒಯ್ಯಲು ಬಂದಿದ್ದ ಗಿರಾಕಿ ನಕ್ಕ. "ಏನ್ ಯಜಮಾನ್ರೇ, ಮಕ್ಕಳೇ ಇಲ್ಲ ಅಂತಿದ್ರಿ? ಫೋನೇ ಹೆತ್ತುಬಿಡ್ತಾ?"

ಗಂಡ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. "ಕೊಡೇ ಇಲ್ಲಿ."

"ಮಗೂ ಹಾಲಿಗೆ ರೀ... ಬೇರೆ ಏನಕ್ಕೂ ಅಲ್ಲ."

"ಕೊಡು ಅಂದ್ನಲ್ಲ."

ಅವನು ಮಗಳ ಮುಖದ ಮೇಲೆ ಬೆರಳು ಒತ್ತಿ ಹಿಡಿದ. ಫೋನು ಬಹಳ ಮರ್ಯಾದೆಯಿಂದ ಹೇಳಿತು: "ಇವರನ್ನು ನಿಮ್ಮ ಕುಟುಂಬದಿಂದ ತೆಗೆಯಲು ಇವರ ಹೆಸರನ್ನು ಗಟ್ಟಿಯಾಗಿ ಹೇಳಿ."

ಅವನ ಮುಖ ಕಪ್ಪಿಟ್ಟಿತು. ಗಿರಾಕಿ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ನಿಂತೇ ಇದ್ದ. ಹೇಳಲಾರ, ಹಾಕಿದ ಆಣೆಯೇ ಇವತ್ತು ಇವನ ಬಾಯಿ ಕಟ್ಟಲಿ ಎಂದು ಅವಳು ಒಳಗೊಳಗೇ ಬೇಡಿಕೊಂಡಳು.

ಅವನು ಏನೋ ಗೊಣಗಿದ.

"ಕೇಳಿಸಲಿಲ್ಲ. ದಯವಿಟ್ಟು ಇನ್ನೊಮ್ಮೆ ಹೇಳಿ."

ಆಗ ಅವನು ಮಗಳ ಹೆಸರು ಹಿಡಿದು ಕೂಗಿದ. ಹಿಂದೆಲ್ಲ ಸಂಜೆ, ಆಟ ಬಿಡಿಸಿ ಊಟಕ್ಕೆ ಕರೆಯುತ್ತಿದ್ದನಲ್ಲ, ಹಾಗೆಯೇ, ಬೀದಿಯ ಆ ತುದಿಗೆ ಮುಟ್ಟುವಂತೆ. ಹಳೆಯ ಅಭ್ಯಾಸ, ಹೆಂಡತಿ ತಟ್ಟನೆ ಬಾಗಿಲ ಕಡೆ ತಿರುಗಿ ನೋಡಿದಳು.

"ಧನ್ಯವಾದ," ಎಂದಿತು ಫೋನು. "ತೆಗೆಯಲಾಗಿದೆ."

ಮರುದಿನದಿಂದ ಆ ಮಗುವಿನ ಹಾಲಿಗೆ ಏನು ಮಾಡಿದರೋ, ನನಗೆ ಗೊತ್ತಿಲ್ಲ.