ಗುರುಪಾದಪ್ಪನ ಬಾಗಿಲಿನ ಬಾಣ

ಕರೆಗಂಟೆಗಳು ಹೋಗಿ ಮನೆಮನೆಯ ಬಾಗಿಲಿಗೂ ವಿಡಿಯೊಗಳಿಗಿರುವಂಥ ಮುಖಚಿತ್ರ, ಥಂಬ್‌ನೇಲ್, ಬಂದಮೇಲೆ, ಗದಗಿನ ಜನ ವಿಡಿಯೊ ಆರಿಸಿದಂತೆಯೇ ಚಿತ್ರ ನೋಡಿ, ಮನಸ್ಸಾದರೆ ಒತ್ತಿ, ಒಬ್ಬರ ಮನೆಗೊಬ್ಬರು ಹೋಗುತ್ತಿದ್ದರು. ಗುರುಪಾದಪ್ಪನ ಓಣಿಯ ಚಿತ್ರಗಳೆಲ್ಲ ಅವನ ಕೈಯವೇ. "ಬಾಯಿ ಇನ್ನಷ್ಟು ತೆಗೀರಿ, ಹಾವು ಕಂಡ್ಹಂಗ!" ಎಂದು ಗದರಿಸಿ ಫೋಟೊ ತೆಗೆದು, ಹಳದಿ ಅಕ್ಷರ, ಕೆಂಪು ಬಾಣ ಹಾಕಿಕೊಡುತ್ತಿದ್ದ. ಪಕ್ಕದ ಮನೆಯ ಶಂಕ್ರವ್ವ ಬರೀ ಉಪ್ಪಿಟ್ಟು ಮಾಡಿದ್ದಕ್ಕೆ 'ಬಾಣಲೆಯಲ್ಲಿ ಸಿಕ್ಕಿದ್ದೇನು?!' ಎಂದು ಬರೆದುಕೊಟ್ಟಿದ್ದ. ಅಂದಿನಿಂದ ಆಕೆಯ ಬಾಗಿಲು ಮುಚ್ಚಿದ್ದೇ ಇಲ್ಲ.

ತನ್ನ ಬಾಗಿಲಿಗೆ ಮಾತ್ರ ಅವನು ಸುಳ್ಳು ಹಾಕಲಿಲ್ಲ. ಎಡಕ್ಕೆ ಬಾಯಿ ಮುಚ್ಚಿದ ತನ್ನ ಮುಖ, ಬಲಕ್ಕೊಂದು ಖಾಲಿ ಕುರ್ಚಿ, ಅದರತ್ತ ಕೆಂಪು ಬಾಣ. ಎರಡು ವರ್ಷದಲ್ಲಿ ಒಬ್ಬರೂ ಒತ್ತಿರಲಿಲ್ಲ.

ಆ ಸಂಜೆ ಬಾಗಿಲಾಚೆ ಹೆಜ್ಜೆಗಳು ನಿಂತವು. ಗುರುಪಾದಪ್ಪ ಲಗುಬಗೆಯಿಂದ ಕುರ್ಚಿ ಒರೆಸಿ, ಚಹಾಕ್ಕೆ ನೀರಿಟ್ಟು, ಕಿವಿಗೊಟ್ಟು ನಿಂತ.

"ಶಂಕ್ರವ್ವನ ಮನಿ ಯಾವುದ?" ಹೆಂಗಸೊಬ್ಬಳು ಕೇಳಿದಳು.

"ಇಲ್ಲೇ ಬಾಣ ಹಾಕ್ಯಾರಲ್ಲ, ಮುಂದಿನ ಬಾಗಲಾ," ಎಂದಳು ಜೊತೆಗಿದ್ದವಳು. "ನಾವೆಲ್ಲಾ ಇದನ್ನ ನೋಡೇ ಹೋಗೂದು."

ಹೆಜ್ಜೆಗಳು ಬಾಣ ತೋರಿದತ್ತ ಸರಿದವು.

ಗುರುಪಾದಪ್ಪ ಬಾಣವನ್ನು ತಿರುಗಿಸಿದ. ಅದೀಗ ಅವನ ಮುಖವನ್ನೇ ತೋರಿಸುತ್ತಿತ್ತು. ಆ ಮುಖದಲ್ಲಿ ತೋರಿಸುವಂಥದ್ದೇನೂ ಇರಲಿಲ್ಲ. ಹೊಸ ಫೋಟೊಕ್ಕೆಂದು ಕ್ಯಾಮೆರಾ ಎದುರು ನಿಂತು, ಎಲ್ಲರಿಗೂ ಹೇಳಿಕೊಟ್ಟಂತೆ ಬಾಯಿ ಅಗಲಿಸಿದ. ಬೆರಗು ಬರಲಿಲ್ಲ. ಬಂದದ್ದು ಮಾತು.

"ಬರ್ರಿ," ಎಂದ ಕ್ಯಾಮೆರಾಕ್ಕೆ. "ಒಳಗ ಬರ್ರಿ."