ಇನ್ನೊಂದು ಹಕ್ಕಿ

"ಕೊಕ್ಕರೆಗೆ ಏನೂ ಆಗಲ್ಲ ಕಣಪ್ಪ. ಅದರ ರಕ್ತ ಹೀರಿದ ಸೊಳ್ಳೆ ನಮ್ಮನ್ನ ಕಚ್ಚಿದರೆ ನಮಗೆ ಮೆದುಳುಜ್ವರ," ಅಂದರು ಡಾಕ್ಟರಮ್ಮ. ಕೆರೆ ಏರಿಯ ಮೇಲೆ ಮೇಜು ಹಾಕಿಕೊಂಡು ಅವರು ಪರೀಕ್ಷೆಗೆಂದು ಹಕ್ಕಿಗಳ ರಕ್ತ ತೆಗೆಯುತ್ತಿದ್ದರು.

ಹಕ್ಕಿ ಹಿಡಿದು ತರುತ್ತಿದ್ದ ಬಲೆಗಾರ ಕೈಮುಗಿದ. "ನನ್ನ ಮಗಳಿಗೂ ಜ್ವರ ಕಣವ್ವ. ಕತ್ತು ಸೆಟ್ಕೊಂಡದೆ. ಅವಳ ರಕ್ತಾನೂ ಒಂಚೂರು ನೋಡಿ."

"ನಮಗೆ ಹಕ್ಕೀದು ಮಾತ್ರ ಆರ್ಡರ್ ಇರೋದು. ಆಸ್ಪತ್ರೆಗೆ ಹೋಗು."

"ಹೋಗಿದ್ದೆ. ರಕ್ತ ನೋಡೋರು ರಜೆ, ಸೋಮವಾರ ಬಾ ಅಂದ್ರು. ಕೊಕ್ಕರೆಗೆ ಭಾನುವಾರವೂ ಡಾಕ್ಟ್ರು ಬತ್ತಾರೆ, ನಮಗೆ ಮಾತ್ರ ರಜೆನಾ?"

"ನನ್ನ ಮೇಲ್ಯಾಕೆ ಕೂಗಾಡ್ತೀಯ? ಇನ್ನೊಂದು ಹಕ್ಕಿ ಕಡಿಮೆ ಇದೆ, ತಗೊಂಬಾ ಹೋಗು. ವ್ಯಾನು ಹೊರಡಬೇಕು."

ಅವನ ಮೈಯೆಲ್ಲ ಉರಿದುಹೋಯಿತು. ಬಲೆಯನ್ನು ಅಲ್ಲೇ ಬಿಸಾಡಿ, ಖಾಲಿ ಬುಟ್ಟಿ ಎತ್ತಿಕೊಂಡು ದಡದಡನೆ ಏರಿಯಿಂದ ಇಳಿದುಹೋದ. ತಿರುಗಿ ಬಂದಾಗ ಬುಟ್ಟಿಯ ಮೇಲೆ ಹಳೆಯ ಸೀರೆ ಹೊದಿಸಿತ್ತು. ಎರಡೂ ಕೈಯಲ್ಲಿ ತಬ್ಬಿಕೊಂಡು ತಂದು ಮೇಜಿನ ಮೇಲಿಟ್ಟ.

"ಭಾರಿ ಹಕ್ಕೀನೇ ಸಿಕ್ಕಿದೆಯಲ್ಲೋ!" ಡಾಕ್ಟರಮ್ಮ ಸಿರಿಂಜು ಕೈಗೆತ್ತಿಕೊಂಡರು.

"ತೆಗೀರವ್ವ," ಅಂದ ಅವನು ಹಲ್ಲು ಕಚ್ಚಿಕೊಂಡು. "ಇದು ಕುಕ್ಕಲ್ಲ."

ಸೀರೆ ಸರಿಸಿದರೆ, ಒಳಗೆ ಮೊಣಕಾಲು ಮಡಚಿ ಮಲಗಿದ್ದ ಮೂರು ವರ್ಷದ ಹುಡುಗಿ ಬೆಳಕು ತಡೆಯಲಾರದೆ ಕಣ್ಣು ಮುಚ್ಚಿಕೊಂಡಳು.